ಮನೆಯ ಬೆಕ್ಕು ಉಳಿಯಲಾರದೆಂದು ಕಂಡಾಗ

ಎತ್ತು ನೆಲ ಹಿಡಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಎಮ್ಮೆ ಒಂದು ಹೊತ್ತು ಮೇವು ಬಿಟ್ಟರೆ ಅಂದೇ ಪಶುವೈದ್ಯರಿಗೆ ಹೇಳಿ ಕಳಿಸುತ್ತೀರಿ. ಬೆಕ್ಕು ಬೇನೆ ಬಿದ್ದರೆ ಮಾತ್ರ ಬಹುಮಟ್ಟಿಗೆ ಯಾರ ಲಕ್ಷ್ಯಕ್ಕೂ ಬರುವುದಿಲ್ಲ. ಅದು ಹಾಲು ಕೊಡುವುದಿಲ್ಲ, ಗಳೆ ಎಳೆಯುವುದಿಲ್ಲ, ಸಂತೆಯಲ್ಲಿ ಅದಕ್ಕೆ ಬೆಲೆಯೂ ಇಲ್ಲ. ಆದರೆ ಜಮಖಂಡಿ, ಮುಧೋಳ, ಬೀಳಗಿ ಭಾಗದ ರೈತರ ಮನೆಗಳಲ್ಲಿ ಜೋಳದ ಚೀಲ, ಗೋವಿನಜೋಳದ ರಾಶಿ, ಬೆಲ್ಲದ ಪೆಂಟೆ ಇಟ್ಟ ಕೋಣೆಯನ್ನು ರಾತ್ರಿಯೆಲ್ಲ ಕಾಯುವುದು ಅದೇ. ರಬಕವಿ-ಬನಹಟ್ಟಿಯ ನೇಕಾರರನ್ನು ಕೇಳಿ ನೋಡಿ. ಗಂಜಿ ಹಾಕಿದ ಹಾಸಿನ ನೂಲಿಗೆ ಇಲಿ ಬಾಯಿ ಹಾಕಿದರೆ ಎಷ್ಟು ದಿನದ ದುಡಿಮೆ ಹೋಗುತ್ತದೆಂಬುದನ್ನು ಅವರು ಹೇಳುತ್ತಾರೆ. ಹತ್ತು ಹನ್ನೆರಡು ವರ್ಷ ಹೀಗೆ ಮನೆ ಕಾಯ್ದ ಬೆಕ್ಕು ಒಂದು ದಿನ ಮೂಲೆ ಸೇರಿ ಏಳದಂತಾದಾಗ ಏನು ಮಾಡಬೇಕು?

ಈ ಲೇಖನ ಬೆಕ್ಕಿನ ಸಾಕಣೆಯನ್ನು ಕುರಿತುದಲ್ಲ. ಗುಣವಾಗದ ರೋಗದಿಂದ ನರಳುವ ಬೆಕ್ಕಿಗೆ ಪಶುವೈದ್ಯರಿಂದ ನೋವಿಲ್ಲದ ಸಾವನ್ನು, ಅಂದರೆ ದಯಾಮರಣವನ್ನು, ಕೊಡಿಸಬಹುದೇ, ಕೊಡಿಸುವುದಾದರೆ ಯಾವಾಗ ಎಂಬ ಒಂದೇ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಂಡಿದೆ. ಮುಧೋಳ ನಾಯಿಯನ್ನು ಸಾಕಿದ ರೈತ ಬಾಂಧವರಿಗೂ ಇಲ್ಲಿಯ ಹೆಚ್ಚಿನ ಮಾತುಗಳು ಅನ್ವಯಿಸುತ್ತವೆ.

ಬಂಗಾರದ ಬೆಕ್ಕು

ಬೆಕ್ಕನ್ನು ಕೊಂದವರು ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂಬ ಮಾತನ್ನು ನೀವು ನಿಮ್ಮ ಅಜ್ಜಿಯ ಬಾಯಿಂದ ಕೇಳಿರುತ್ತೀರಿ. ಈ ನಂಬಿಕೆ ಬೆಕ್ಕುಗಳನ್ನು ಬಹುಕಾಲ ಕಾಪಾಡಿದೆ ಎಂಬುದರಲ್ಲಿ ಸಂಶಯವಿಲ್ಲ. ಅದನ್ನು ಹಗುರವಾಗಿ ಕಾಣುವ ಉದ್ದೇಶ ನಮ್ಮದಲ್ಲ. ಆದರೆ ಇದೇ ನಂಬಿಕೆಯ ಬೆನ್ನಿಗೆ ಇನ್ನೊಂದು ಕೆಟ್ಟ ರೂಢಿ ಬೆಳೆದುಬಂದಿದೆ. ತಾನು ಕೊಲ್ಲಬಾರದು, ಮನೆಯಲ್ಲಿ ಸಾಯಲೂಬಾರದು ಎಂದು ಬೇನೆ ಬಿದ್ದ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ, ಸೈಕಲ್ ಮೋಟಾರಿನ ಮೇಲೆ ಇಟ್ಟುಕೊಂಡು ಕಾಲುವೆಯ ಆಚೆಗೋ ಬೇರೆ ಊರಿನ ಹಾದಿಗೋ ಬಿಟ್ಟು ಬರುವುದು. ಬಿಟ್ಟು ಬಂದವರ ಕೈಗೆ ರಕ್ತ ಹತ್ತುವುದಿಲ್ಲ, ನಿಜ. ಆದರೆ ಏಳಲಾರದ ಪ್ರಾಣಿ ಬಿಸಿಲಿನಲ್ಲಿ ನೀರಿಲ್ಲದೆ, ನಾಯಿ-ಕಾಗೆಗಳ ನಡುವೆ ಎರಡು ಮೂರು ದಿನ ಬಿದ್ದು ಸಾಯುತ್ತದೆ. ಇದಕ್ಕಿಂತ ಕ್ರೂರವಾದುದು ಮತ್ತೊಂದಿಲ್ಲ ಎಂದು ನನ್ನ ಅಭಿಪ್ರಾಯ.

ಕಾನೂನು ಕೂಡ ಹೀಗೆಯೇ ಹೇಳುತ್ತದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮದ 11ನೆಯ ಕಲಮಿನಂತೆ, ಹಸಿವು ನೀರಡಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ಅಪರಾಧ. ಅನಾವಶ್ಯಕ ಕ್ರೂರ ರೀತಿಯಿಂದ ಕೊಲ್ಲುವುದೂ ಅಪರಾಧ. ಬಾವಿಗೆ ಎಸೆಯುವುದು, ಬಡಿಗೆಯಿಂದ ಹೊಡೆಯುವುದು, ಹೊಲಕ್ಕೆ ಸಿಂಪಡಿಸುವ ಔಷಧವನ್ನು ಹಾಲಿನಲ್ಲಿ ಬೆರೆಸಿ ಇಡುವುದು, ಇವೆಲ್ಲ ಅದರೊಳಗೆ ಬರುತ್ತವೆ. ಪರರ ಬೆಕ್ಕನ್ನು ಕೊಂದರೆ 2024ರ ಜುಲೈ ತಿಂಗಳಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮು ಬೇರೆ ಇದೆ. ಎತ್ತು, ಆಕಳುಗಳ ವಿಷಯವನ್ನು ಇಲ್ಲಿ ಬೆರೆಸಬಾರದು. ಅವುಗಳ ಬಗೆಗೆ ಕರ್ನಾಟಕದಲ್ಲಿ 2021ರಲ್ಲಿ ಜಾರಿಗೆ ಬಂದ ಪ್ರತ್ಯೇಕ ಕಾನೂನಿದ್ದು, ಪಶುವೈದ್ಯಾಧಿಕಾರಿಯ ಲಿಖಿತ ಪ್ರಮಾಣಪತ್ರವಿಲ್ಲದೆ ಒಂದು ಹೆಜ್ಜೆಯನ್ನೂ ಇಡಬಾರದು.

ಸಬರಮತಿಯ ಕರು

ಅಹಿಂಸೆಯನ್ನು ನಂಬಿದವರು ಪ್ರಾಣಿಗೆ ಸಾವನ್ನು ಕೊಡಿಸಬಹುದೇ ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಒಮ್ಮೆ ದೊಡ್ಡ ಚರ್ಚೆಯನ್ನೇ ಎಬ್ಬಿಸಿತ್ತು. 1928ರಲ್ಲಿ ಸಬರಮತಿಯ ಆಶ್ರಮದ ಗೋಶಾಲೆಯಲ್ಲಿ ಒಂದು ಕರು ಗುಣವಾಗದ ಬೇನೆಯಿಂದ ಮಲಗಿತ್ತು. ಚಿಕಿತ್ಸೆ ಮಾಡಿದವರು ಕೈಚೆಲ್ಲಿದ್ದರು. ಮಗ್ಗಲು ಬದಲಿಸಲೂ ಆಗದಷ್ಟು ಅದಕ್ಕೆ ನೋವಿತ್ತು. ಗಾಂಧೀಜಿಯವರು ಆಶ್ರಮದವರೊಡನೆ ಮಾತಾಡಿ, ವೈದ್ಯರನ್ನು ಕರೆಸಿ, ಚುಚ್ಚುಮದ್ದಿನಿಂದ ಕರುವಿನ ಸಂಕಟವನ್ನು ಮುಗಿಸಿದರು. ಎರಡು ನಿಮಿಷದೊಳಗೆ ಎಲ್ಲ ಮುಗಿಯಿತೆಂದು ಅವರೇ ಬರೆದಿದ್ದಾರೆ. ದೇಶದ ತುಂಬ ಗದ್ದಲವಾಯಿತು. ಸಿಟ್ಟಿನ ಪತ್ರಗಳು ಬಂದವು. ಅವರು ತಮ್ಮ ನಿರ್ಣಯವನ್ನು ಬಿಟ್ಟುಕೊಡಲಿಲ್ಲ.

ರೈತರಿಗೆ ಈ ಕಥೆಯ ಇನ್ನೊಂದು ಅರ್ಧ ಹೆಚ್ಚು ಹತ್ತಿರದ್ದು. ಅದೇ ಕಾಲಕ್ಕೆ ಆಶ್ರಮದ ಬೆಳೆಗೆ ಮಂಗಗಳ ಕಾಟವೂ ಇತ್ತು. ಮಂಗನನ್ನು ಕೊಲ್ಲುವುದು ನಮ್ಮ ಲಾಭಕ್ಕಾಗಿ. ಆದುದರಿಂದ ಅದು ಹಿಂಸೆ. ಕರುವಿಗೆ ಸಾವನ್ನು ಕೊಟ್ಟದ್ದು ಕರುವಿನ ಸಲುವಾಗಿಯೇ. ಆದುದರಿಂದ ಅದು ಬೇರೆ. ಅವರ ವಾದದ ತಿರುಳು ಇದು. ಇದನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ತೇರದಾಳ, ಜಮಖಂಡಿ ಕಡೆಯ ಜೈನ ಕೃಷಿಕ ಕುಟುಂಬಗಳಲ್ಲಿ ಯಾವ ಜೀವಕ್ಕೂ ಸಾವನ್ನು ತರಬಾರದೆಂಬ ನಿಷ್ಠೆ ಬಲವಾಗಿದೆ. ಅಂಥವರು ನೋವು ಶಮನ ಮಾಡುವ ಔಷಧಗಳನ್ನು ಕೊನೆಯವರೆಗೆ ಕೊಡಿಸುತ್ತ ಆರೈಕೆ ಮಾಡುವುದಾದರೆ ಅದೂ ಯೋಗ್ಯವಾದ ಮಾರ್ಗವೇ. ಔಷಧವಿಲ್ಲದೆ, ಆರೈಕೆಯಿಲ್ಲದೆ ಸುಮ್ಮನೆ ಬಿಟ್ಟುಬಿಡುವುದನ್ನು ಮಾತ್ರ ಯಾವ ಧರ್ಮವೂ ಒಪ್ಪಲಾರದು.

ಇನ್ನುಳಿದವರಿಗೆ ಗಾಂಧೀಜಿಯವರ ಆ ಒಂದು ಪ್ರಶ್ನೆ ಸಾಕು. ಯಾರ ಸಲುವಾಗಿ? ಬೆಕ್ಕು ಮನೆಯಲ್ಲಿ ಹೊಲಸು ಮಾಡುತ್ತದೆ, ಇಲಿ ಹಿಡಿಯುವುದಿಲ್ಲ, ಕಬ್ಬು ಕಡಿಯುವ ಹಂಗಾಮಿನಲ್ಲಿ ನೋಡಿಕೊಳ್ಳಲು ಪುರಸೊತ್ತಿಲ್ಲ ಎಂದು ಮನಸ್ಸು ಆ ಕಡೆಗೆ ವಾಲುತ್ತಿದ್ದರೆ ಅದು ನಿಮ್ಮ ಸಲುವಾಗಿ. ಹಾಗೆಯೇ, ಪ್ರತಿ ಉಸಿರಿಗೂ ನರಳುತ್ತಿರುವ ಬೆಕ್ಕನ್ನು ‘ನಮ್ಮ ಕೈಯಾರೆ ಬೇಡ’ ಎಂದು ವಾರಗಟ್ಟಲೆ ಇಟ್ಟುಕೊಂಡರೆ ಅದೂ ನಿಮ್ಮ ಸಲುವಾಗಿಯೇ.

ಸತ್ತಂತೆ ಕಂಡರೂ ಉಳಿಯುವ ಬೆಕ್ಕು

ನಿರ್ಣಯಕ್ಕೆ ಅವಸರ ಮಾಡಬಾರದೆಂಬುದಕ್ಕೆ ಬಲವಾದ ಕಾರಣವಿದೆ. ನಮ್ಮ ಹಳ್ಳಿಗಳಲ್ಲಿ ‘ಇನ್ನು ಆಗುವುದಿಲ್ಲ’ ಎಂದು ಕೈಬಿಟ್ಟ ಬೆಕ್ಕುಗಳಲ್ಲಿ ಹಲವು ಗುಣವಾಗುವಂಥವೇ ಆಗಿರುತ್ತವೆ.

ಇಲಿಪಾಷಾಣದ ವಿಷಯವನ್ನೇ ನೋಡಿ. ಪೇಟೆಯಲ್ಲಿ ಸಿಗುವ ಬ್ರೊಮಾಡಿಯೋಲೋನ್ ಬಿಲ್ಲೆಗಳನ್ನು ತಿಂದ ಇಲಿಯನ್ನು ಬೆಕ್ಕು ತಿಂದರೆ ಕೂಡಲೇ ಏನೂ ಕಾಣುವುದಿಲ್ಲ. ಕೆಲವು ದಿನಗಳ ಮೇಲೆ ಒಸಡು ಬಿಳಿಚುತ್ತದೆ, ಮೂಗಿನಿಂದಲೋ ಮಲದಲ್ಲೋ ರಕ್ತ ಬರುತ್ತದೆ, ಉಸಿರು ಮೇಲೆ ಕೆಳಗೆ ಆಗುತ್ತದೆ. ನೋಡಿದವರಿಗೆ ಇನ್ನೇನು ಹೋಯಿತೆನಿಸುತ್ತದೆ. ಆದರೆ ಈ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುವಂಥದು. ಇದಕ್ಕೆ ವಿಟಮಿನ್ ಕೆ1 ಎಂಬ ಖಚಿತವಾದ ಪ್ರತಿಮದ್ದು ಇದೆ. ಸಕಾಲಕ್ಕೆ ಕೊಡಿಸಿ, ಕೆಲವು ವಾರ ಮುಂದುವರಿಸಿದರೆ ಬೆಕ್ಕು ಉಳಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಕಪ್ಪು ಪುಡಿಯ ರೂಪದ ಜಿಂಕ್ ಫಾಸ್ಫೈಡ್ ಹೊಟ್ಟೆಯಲ್ಲಿ ವಿಷಾನಿಲವನ್ನು ಉಂಟುಮಾಡುತ್ತದೆ. ಅದಕ್ಕೆ ಪ್ರತಿಮದ್ದು ಇಲ್ಲ. ಆದರೂ ಬೇಗನೆ ದವಾಖಾನೆಗೆ ಒಯ್ದರೆ ಆಸೆ ಇರುತ್ತದೆ. ಆದುದರಿಂದ ಯಾವ ಪಾಷಾಣವನ್ನು ಬಳಸಿದ್ದಿರೋ ಅದರ ಪೊಟ್ಟಣವನ್ನು ಎಸೆಯದೆ ಡಾಕ್ಟರರಿಗೆ ತೋರಿಸಿರಿ.

ಎರಡನೆಯದು ಉಣ್ಣೆಯ ಔಷಧ. ದನಗಳ ಉಣ್ಣೆಗೆ ಹಚ್ಚುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ದ್ರಾವಣವನ್ನು ‘ಬೆಕ್ಕಿಗೂ ಚಿಗಟ ಆಗಿವೆ’ ಎಂದು ಅದಕ್ಕೂ ಬಳಿಯುವವರಿದ್ದಾರೆ. ದನಕ್ಕೆ ಹಿತವಾದುದು ಬೆಕ್ಕಿಗೆ ವಿಷ. ಬೆಕ್ಕಿನ ಯಕೃತ್ತಿಗೆ ಈ ವಸ್ತುಗಳನ್ನು ಅರಗಿಸಿ ಹೊರಹಾಕುವ ಶಕ್ತಿ ತೀರ ಕಡಿಮೆ. ಕೆಲವೇ ತಾಸುಗಳಲ್ಲಿ ಮೈ ನಡುಗಿ ಸೆಳವು ಬರುತ್ತದೆ. ಹುಚ್ಚು ಹಿಡಿಯಿತೆಂದು ಹೆದರಿ ಹೊಡೆಯಲು ಹೋಗಬೇಡಿ. ಔಷಧ ಬಳಿದದ್ದು ಖಚಿತವಿದ್ದರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸಾಬೂನಿನಿಂದ ಮೈ ತೊಳೆದು, ಬೆಚ್ಚಗಿನ ಅರಿವೆಯಲ್ಲಿ ಸುತ್ತಿ ಪಶುವೈದ್ಯರಲ್ಲಿಗೆ ಒಯ್ಯಿರಿ. ನಡುಕ ನಿಲ್ಲಿಸುವ ಔಷಧಗಳಿವೆ. ಎರಡು ಮೂರು ದಿನಗಳಲ್ಲಿ ಎದ್ದು ಓಡಾಡುವುದುಂಟು.

ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕುಳಿತು, ಹನಿಯೂ ಬಾರದೆ ಒದರುತ್ತಿದ್ದರೆ ಮೂತ್ರನಾಳ ಕಟ್ಟಿದೆ ಎಂದರ್ಥ. ಒಂದೆರಡು ದಿನ ಬಿಟ್ಟರೆ ಸಾವು ಖಂಡಿತ. ಅಂದೇ ನಳಿಕೆ ಹಾಕಿಸಿದರೆ ಹೆಚ್ಚಿನವು ಬದುಕುತ್ತವೆ. ಕಬ್ಬಿನ ಟ್ರೈಲರಿಗೆ ಸಿಕ್ಕು ಕಾಲು ಮುರಿದ ಬೆಕ್ಕಿನ ಕಥೆಯೂ ಅಷ್ಟೇ. ಮೂರು ಕಾಲಿನ ಎತ್ತು ಬದುಕಲಾರದು, ಮೂರು ಕಾಲಿನ ಬೆಕ್ಕು ಮಾಳಿಗೆ ಏರಬಲ್ಲದು. ಕಣ್ಣೊಂದು ಹೋದರೂ ಅದಕ್ಕೆ ಜೀವನ ಸಾಗುತ್ತದೆ.

ಬೆಕ್ಕಿಗೆ ಜ್ವರವೆಂದು ಮನುಷ್ಯರ ಪ್ಯಾರಾಸಿಟಮಾಲ್ ಗುಳಿಗೆಯನ್ನು ಎಂದೂ ಹಾಕಬೇಡಿ. ಒಂದೇ ಗುಳಿಗೆ ಬೆಕ್ಕನ್ನು ಕೊಲ್ಲಬಲ್ಲದು. ಒಸಡು ಕಂದುಬಣ್ಣಕ್ಕೆ ತಿರುಗಿ, ಮುಖ ಬಾತು, ಉಸಿರು ಕಟ್ಟುತ್ತದೆ. ಈ ಮಾತನ್ನು ಮನೆಯ ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಹೇಳಿಡಿ. ಪ್ರೀತಿಯಿಂದ ಹಾಕಿ ಕಳೆದುಕೊಂಡವರು ಬಹಳ.

ಇನ್ನೊಂದು ಸಂಗತಿ ಹೊಸದು. ಎಳೆಯ ಬೆಕ್ಕುಗಳಲ್ಲಿ ಹೊಟ್ಟೆಯಲ್ಲಿ ನೀರು ತುಂಬಿ, ಮೈ ಕರಗಿ, ಜ್ವರ ಬಿಡದೆ ಸಾಯುವ ಒಂದು ಕೊರೋನಾ ವೈರಾಣುವಿನ ರೋಗವಿದೆ. ಪಶುವೈದ್ಯರು ಅದನ್ನು ಎಫ್.ಐ.ಪಿ. ಎನ್ನುತ್ತಾರೆ. ಹಿಂದೆ ಇದು ಬಂದಿತೆಂದರೆ ದಯಾಮರಣವೊಂದೇ ದಾರಿಯೆಂದು ಪುಸ್ತಕಗಳು ಹೇಳುತ್ತಿದ್ದವು. 2019ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ ಜಿಎಸ್-441524 ಎಂಬ ಔಷಧವನ್ನು 12 ವಾರ ಕೊಟ್ಟಾಗ 31 ಬೆಕ್ಕುಗಳಲ್ಲಿ ಹೆಚ್ಚಿನವು ಬದುಕುಳಿದವು. ಔಷಧ ದುಬಾರಿ, ದಿನ ತಪ್ಪದೆ ಕೊಡಬೇಕು, ಎಲ್ಲರಿಗೂ ಸಾಧ್ಯವಾಗಲಾರದು. ಆದರೆ ನಿರ್ಣಯ ಮಾಡುವ ಮೊದಲು ಇಂಥದೊಂದು ಇದೆಯೆಂಬುದು ನಿಮಗೆ ಗೊತ್ತಿರಬೇಕು.

ನಿಜವಾಗಿಯೂ ಮರಳಿ ಬಾರದ ಬೇನೆಗಳು

ಹಾಗಾದರೆ ಆಸೆ ಇಲ್ಲದವು ಯಾವುವು? ಬೆನ್ನುಹುರಿ ಕಡಿದು, ಹಿಂಗಾಲಿನ ಬೆರಳನ್ನು ಬಲವಾಗಿ ಹಿಚುಕಿದರೂ ನೋವಿನ ಅರಿವೇ ಇಲ್ಲದ ಬೆಕ್ಕು ಮರಳಿ ನಡೆಯುವ ಸಂಭವ ತೀರ ಕಡಿಮೆ. ಬಾಯಿಯೊಳಗೆ ದವಡೆಯನ್ನು ತಿನ್ನುತ್ತ ಬೆಳೆದ ಕ್ಯಾನ್ಸರ್ ಗಡ್ಡೆಯೂ ಹಾಗೆಯೇ. ಬಿಳಿಯ ಬೆಕ್ಕುಗಳ ಕಿವಿಯ ತುದಿಗೆ, ಮೂಗಿಗೆ ನಮ್ಮ ಕಡೆಯ ಬಿಸಿಲಿನಿಂದ ಮಾಯದ ಹುಣ್ಣಾಗುವುದುಂಟು. ಅದೂ ಚರ್ಮದ ಕ್ಯಾನ್ಸರೇ ಆಗಿರಬಹುದು. ಮೊದಲಿಗೇ ಕಿವಿಯ ತುದಿಯನ್ನು ಕತ್ತರಿಸಿ ತೆಗೆಸಿದರೆ ಗುಣ. ಹುಳು ಬೀಳುವವರೆಗೆ ಬಿಟ್ಟರೆ ಗುಣವಿಲ್ಲ. ಇದ್ದಕ್ಕಿದ್ದಂತೆ ಎರಡೂ ಹಿಂಗಾಲು ಬಿದ್ದು, ತಣ್ಣಗಾಗಿ, ಬೆಕ್ಕು ಕಿರಿಚಲಾರಂಭಿಸಿದರೆ ಹೃದಯದಿಂದ ಹೊರಟ ರಕ್ತದ ಹೆಪ್ಪು ಹಿಂಗಾಲುಗಳಿಗೆ ಹೋಗುವ ದೊಡ್ಡ ರಕ್ತನಾಳವನ್ನು ಮುಚ್ಚಿರುತ್ತದೆ. ಇದು ಅತ್ಯಂತ ನೋವಿನ ಸ್ಥಿತಿ, ತಡಮಾಡಬಾರದು.

ಆದರೆ ಮನೆಯವರನ್ನು ನಿಜವಾಗಿ ಕಾಡುವುದು ಇವಾವುವೂ ಅಲ್ಲ. ನಿಧಾನವಾಗಿ ಬರುವ ಮುಪ್ಪಿನ ಬೇನೆ. ಹತ್ತು ವರ್ಷ ದಾಟಿದ ಬೆಕ್ಕುಗಳಲ್ಲಿ ಮೂತ್ರಪಿಂಡಗಳ ವೈಫಲ್ಯ ಬಹು ಸಾಮಾನ್ಯ. ನಿಮ್ಮ ಮನೆಯಲ್ಲಿ ಅದು ಹೇಗೆ ಕಾಣಿಸಿಕೊಳ್ಳುತ್ತದೆಂದರೆ, ಎಂದೂ ನೀರು ಕುಡಿದದ್ದನ್ನು ನೋಡದ ಬೆಕ್ಕು ಹರವಿಯ ಕೆಳಗಿನ ನೀರನ್ನು ನೆಕ್ಕುತ್ತ ಕೂಡುತ್ತದೆ. ಮೂತ್ರ ಹೆಚ್ಚು ಮಾಡುತ್ತದೆ. ಬೆನ್ನೆಲುಬು ಕೈಗೆ ಹತ್ತುತ್ತದೆ. ‘ವಯಸ್ಸಾಯಿತು’ ಎಂದು ನೀವು ಸುಮ್ಮನಾಗುತ್ತೀರಿ. ಈ ಲಕ್ಷಣಗಳು ಕಾಣುವ ಹೊತ್ತಿಗೆ ಮೂತ್ರಪಿಂಡಗಳ ಮೂರರಲ್ಲಿ ಎರಡು ಪಾಲು ಕೆಲಸ ನಿಂತಿರುತ್ತದೆ. ಕಳೆದುದು ಮರಳಿ ಬರುವುದಿಲ್ಲ. ಆದರೆ ಆಹಾರದಲ್ಲಿ ಬದಲಾವಣೆ, ಚರ್ಮದ ಕೆಳಗೆ ಸಲೈನ್, ವಾಂತಿ ನಿಲ್ಲಿಸುವ ಔಷಧ ಇವುಗಳಿಂದ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನೆಮ್ಮದಿಯಿಂದ ಬಾಳುತ್ತದೆ. ಆಮೇಲೆ ಒಂದು ಹಂತ ಬರುತ್ತದೆ. ಬಾಯಿಯಿಂದ ಮೂತ್ರದ ವಾಸನೆ, ನಾಲಿಗೆಯ ಮೇಲೆ ಹುಣ್ಣು, ಹಾಲನ್ನು ಮೂಸಿ ತಿರುಗಿ ನಿಲ್ಲುವುದು. ಹಸಿದಿದೆ, ತಿನ್ನಲಾರದು. ಸಲೈನ್ ಕೊಟ್ಟ ದಿನ ಮಾತ್ರ ತಲೆ ಎತ್ತಿ, ಮರುದಿನ ಮತ್ತೆ ಮೂಲೆ. ಆ ಹಂತಕ್ಕೆ ಬಂದ ಮೇಲೆ ಪ್ರಶ್ನೆ ‘ಆಗುತ್ತದೆಯೇ’ ಎಂಬುದಲ್ಲ, ‘ಎಂದು’ ಎಂಬುದು.

ನೋವನ್ನು ಗುರುತಿಸುವ ಬಗೆ

ಬೆಕ್ಕು ತನ್ನ ನೋವನ್ನು ಮುಚ್ಚಿಡುತ್ತದೆ. ಅದು ಬೇಟೆಯಾಡುವ ಪ್ರಾಣಿಯಾದರೂ ಚಿಕ್ಕದು. ನಾಯಿ, ನರಿಗಳಿಗೆ ತಾನೇ ಬೇಟೆಯಾಗಬಲ್ಲದು. ದುರ್ಬಲತೆ ತೋರಿಸಿದ ಬೆಕ್ಕಿಗೆ ಕಾಡಿನಲ್ಲಿ ಉಳಿವಿರಲಿಲ್ಲ. ಆದುದರಿಂದ ಒದರುತ್ತಿಲ್ಲ ಎಂದರೆ ನೋವಿಲ್ಲ ಎಂದು ತಿಳಿಯಬಾರದು. ಗುರುಗುರು ಎನ್ನುತ್ತಿದೆ, ಸುಖವಾಗಿದೆ ಎನ್ನುವುದೂ ತಪ್ಪು. ತೀವ್ರ ನೋವಿನಲ್ಲಿಯೂ, ಸಾಯುವ ಹೊತ್ತಿನಲ್ಲಿಯೂ ಬೆಕ್ಕು ಗುರುಗುಟ್ಟುತ್ತದೆ.

ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾನಿಲಯದವರು 2019ರಲ್ಲಿ ಬೆಕ್ಕಿನ ಮುಖ ನೋಡಿ ನೋವನ್ನು ಅಳೆಯುವ ಒಂದು ಕ್ರಮವನ್ನು ಪ್ರಕಟಿಸಿದರು. ಐದು ಅಂಶಗಳನ್ನು ನೋಡಬೇಕು. ಕಿವಿ ಮುಂದಕ್ಕೆ ನೆಟ್ಟಗಿದೆಯೋ ಚಪ್ಪಟೆಯಾಗಿ ಪಕ್ಕಕ್ಕೆ ತಿರುಗಿದೆಯೋ. ಕಣ್ಣು ತೆರೆದಿದೆಯೋ ಕಿರಿದಾಗಿದೆಯೋ. ಮೂತಿ ಸಡಿಲವಾಗಿ ದುಂಡಗಿದೆಯೋ ಬಿಗಿದಿದೆಯೋ. ಮೀಸೆ ಬಾಗಿದೆಯೋ ನೆಟ್ಟಗೆ ಸೆಟೆದಿದೆಯೋ. ತಲೆ ಹೆಗಲಿಗಿಂತ ಮೇಲಿದೆಯೋ ಕೆಳಗೆ ಜೋತಿದೆಯೋ. ಪ್ರತಿಯೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಹತ್ತರಲ್ಲಿ ನಾಲ್ಕು ಅಥವಾ ಹೆಚ್ಚು ಬಂದರೆ ನೋವಿನ ಔಷಧ ಬೇಕೆಂದು ಅರ್ಥ. ಎತ್ತಿನ ಕಣ್ಣು ನೋಡಿ ಅದರ ಮನಸ್ಸು ಹೇಳಬಲ್ಲ ನಮ್ಮ ರೈತರಿಗೆ ಇದನ್ನು ಕಲಿಯಲು ಎರಡು ದಿನ ಸಾಕು.

ಮುಖ ಹೇಳುವುದು ಈ ಗಳಿಗೆಯ ನೋವನ್ನು. ಬದುಕು ಒಟ್ಟಿನಲ್ಲಿ ಹೇಗಿದೆಯೆಂದು ತಿಳಿಯಲು ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ಒಂದು ಅಳತೆಯನ್ನು ಮುಂದಿಟ್ಟರು. ನೋವು, ಹಸಿವು, ಮೈಯ ನೀರಿನಂಶ, ಮೈಯ ಶುಚಿ, ಉಲ್ಲಾಸ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚಿವೆಯೇ ಎಂಬುದು, ಹೀಗೆ ಏಳು ಬಾಬು. ಒಂದೊಂದಕ್ಕೆ ಹತ್ತು ಅಂಕ. ಎಪ್ಪತ್ತರಲ್ಲಿ 35ಕ್ಕಿಂತ ಮೇಲೆ ಇದ್ದರೆ ಆರೈಕೆ ಮುಂದುವರಿಸಬಹುದು ಎಂದು ಅವರ ಎಣಿಕೆ. ಮೊದಲ ಬಾಬಿನಲ್ಲಿ ಅವರು ಉಸಿರಾಟವನ್ನೂ ಸೇರಿಸಿದ್ದಾರೆ. ಮಲಗಿರುವ ಬೆಕ್ಕು ನಿಮಿಷಕ್ಕೆ 20ರಿಂದ 30 ಸಲ ಉಸಿರಾಡುತ್ತದೆ. ಸುಮ್ಮನೆ ಕುಳಿತಲ್ಲಿಯೇ ಬಾಯಿ ತೆರೆದು ನಾಯಿಯಂತೆ ಏದುತ್ತಿದ್ದರೆ ಉಳಿದ ಅಂಕಗಳನ್ನು ಕೂಡಿಸುತ್ತ ಕೂಡುವ ಅಗತ್ಯವಿಲ್ಲ, ಅಂದೇ ಡಾಕ್ಟರರನ್ನು ಕಾಣಬೇಕು.

ಅಂಕಗಳ ಕೂಡಿಕೆಗಿಂತ ಗೋಡೆಯ ಮೇಲಿನ ಕ್ಯಾಲೆಂಡರು ಹೆಚ್ಚು ಉಪಯೋಗಕ್ಕೆ ಬರುತ್ತದೆಂದು ನನಗನಿಸುತ್ತದೆ. ಹಾಲಿನ ಲೆಕ್ಕ ಬರೆದಂತೆ ದಿನವೂ ಸಂಜೆ ಒಂದು ಗುರುತು ಹಾಕಿರಿ. ಬೆಕ್ಕು ತಾನಾಗಿ ತಿಂದು, ಮೈ ನೆಕ್ಕಿಕೊಂಡು, ಕರೆದರೆ ತಿರುಗಿ ನೋಡಿದ ದಿನಕ್ಕೆ ಸೊನ್ನೆ. ಇಲ್ಲದ ದಿನಕ್ಕೆ ಅಡ್ಡಗೆರೆ. ಜೊತೆಗೆ ವಾರಕ್ಕೊಮ್ಮೆ ಕೈಚೀಲದಲ್ಲಿ ಕೂಡಿಸಿ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ತೂಕ ಬರೆಯಿರಿ. ನಾಲ್ಕು ಕಿಲೋ ಬೆಕ್ಕು ನಾಲ್ಕು ನೂರು ಗ್ರಾಮು ಇಳಿದರೆ ಅದು ಹತ್ತರಲ್ಲಿ ಒಂದು ಪಾಲು ಮೈ ಕಳೆದುಕೊಂಡಂತೆ. ದಿನವೂ ಕಣ್ಣೆದುರಿಗೆ ಇರುವ ಪ್ರಾಣಿಯ ಇಳಿತ ಮನೆಯವರಿಗೆ ತಿಳಿಯುವುದಿಲ್ಲ. ಹಾಳೆಯ ಮೇಲಿನ ಗುರುತುಗಳಿಗೆ ಮರೆವಿಲ್ಲ. ಗೆರೆಗಳು ಸೊನ್ನೆಗಳನ್ನು ದಾಟಿ ಒಂದು ವಾರವಾಯಿತೆಂದರೆ, ಡಾಕ್ಟರರೂ ಬೇರೆ ಚಿಕಿತ್ಸೆ ಇಲ್ಲವೆಂದರೆ, ಆಗ ದಿನ ಗೊತ್ತುಮಾಡುವುದು ತಪ್ಪಲ್ಲ. ‘ಒಂದು ದಿನ ಮೊದಲಾಯಿತು’ ಎಂಬ ಕೊರಗಿಗಿಂತ ‘ಒಂದು ವಾರ ತಡವಾಯಿತು’ ಎಂಬ ಕೊರಗು ಹೆಚ್ಚು ಕಾಲ ಉಳಿಯುತ್ತದೆ.

ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹಣದ ಪ್ರಶ್ನೆ ಬಂದೇ ಬರುತ್ತದೆ. ಬೆಳೆಸಾಲ ತಲೆಯ ಮೇಲಿರುವಾಗ ಬೆಕ್ಕಿನ ಶಸ್ತ್ರಚಿಕಿತ್ಸೆಗೆ ಸಾವಿರಾರು ರೂಪಾಯಿ ಸುರಿಯಲಾಗದೆ ಹೋದರೆ ನೀವು ಕೆಟ್ಟವರಾಗುವುದಿಲ್ಲ. ನಾಚದೆ ಡಾಕ್ಟರರಿಗೆ ನಿಮ್ಮ ಶಕ್ತಿ ಇಷ್ಟೇ ಎಂದು ಹೇಳಿಬಿಡಿ. ಕಡಿಮೆ ಖರ್ಚಿನ ದಾರಿ ಇದ್ದರೆ ಅವರು ಹೇಳುತ್ತಾರೆ. ಇಲ್ಲದಿದ್ದರೆ, ಗುಣಪಡಿಸಲಾಗದ ಬಡವನ ಬೆಕ್ಕು ನರಳಿಯೇ ಸಾಯಬೇಕೆಂದೇನೂ ಇಲ್ಲ.

ಹುಚ್ಚು ರೋಗದ ಸಂಶಯವಿದ್ದರೆ

ಇಲ್ಲಿ ಮೇಲಿನ ಯಾವ ಲೆಕ್ಕಾಚಾರವೂ ನಡೆಯದು. ಸಾಧುವಾದ ಬೆಕ್ಕು ಕಾರಣವಿಲ್ಲದೆ ಮೈಮೇಲೆ ಹಾರಿ ಕಚ್ಚಿದರೆ, ಜೊಲ್ಲು ಸುರಿಸುತ್ತ, ಸ್ವರ ಬದಲಾಗಿ, ತೂರಾಡುತ್ತಿದ್ದರೆ ರೇಬೀಸ್ ಇರಬಹುದು. ಅದನ್ನು ಮುಟ್ಟಬೇಡಿ. ಅದಿರುವ ಕೋಣೆಯ ಬಾಗಿಲು ಹಾಕಿ ಪಶುವೈದ್ಯರಿಗೆ ತಿಳಿಸಿರಿ. ತಲೆಗೆ ಹೊಡೆದು ಕೊಂದರೆ ಮಿದುಳಿನ ಪರೀಕ್ಷೆಗೂ ಅವಕಾಶವಿಲ್ಲದಂತಾಗುತ್ತದೆ. ಕಚ್ಚಿಸಿಕೊಂಡವರು, ಪರಚಿಸಿಕೊಂಡವರು ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಸರಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ಸುಣ್ಣ, ಖಾರ ಹಚ್ಚಬಾರದು. ಕಚ್ಚಿದ ಬೆಕ್ಕು ಹತ್ತು ದಿನ ಆರೋಗ್ಯವಾಗಿಯೇ ಉಳಿದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗಾಣು ಇರಲಿಲ್ಲವೆಂದು ತಿಳಿಯಬಹುದು. ಆದರೆ ಅದನ್ನು ನೋಡುತ್ತ ಲಸಿಕೆಯನ್ನು ತಡಮಾಡುವಂತಿಲ್ಲ. ರೋಗ ಕಾಣಿಸಿಕೊಂಡ ಮೇಲೆ ಬೆಕ್ಕಿಗೂ ಮನುಷ್ಯನಿಗೂ ಔಷಧವಿಲ್ಲ.

ಆ ದಿನ

ನಿರ್ಣಯ ಮಾಡಿದ ಮೇಲೆ ಮನೆಯಲ್ಲಿ ಎಲ್ಲರಿಗೂ ತಿಳಿಸಿರಿ. ಅದಕ್ಕೆ ದಿನವೂ ಹಾಲು ಹಾಕುತ್ತಿದ್ದವರು ಯಾರೋ, ಅವರ ಮಾತಿಗೆ ಹೆಚ್ಚು ಬೆಲೆ ಕೊಡಬೇಕು. ಮಕ್ಕಳಿಗೆ ‘ಬೆಕ್ಕು ಊರಿಗೆ ಹೋಯಿತು’ ಎಂದೋ ‘ಮಲಗಿಸಿ ಬಂದೆವು’ ಎಂದೋ ಸುಳ್ಳು ಹೇಳುವುದು ಬೇಡ. ಮಕ್ಕಳು ವಾರಗಟ್ಟಲೆ ಬಾಗಿಲು ನೋಡುತ್ತಾರೆ. ಇಲ್ಲವೆ ತಾವೇ ಮಲಗಲು ಹೆದರುತ್ತಾರೆ. ಗುಣವಾಗದ ಬೇನೆಯಿತ್ತು, ಬಹಳ ನೋವಿತ್ತು, ಡಾಕ್ಟರರು ನೋವಿಲ್ಲದಂತೆ ಸಾಯಲು ಸೂಜಿ ಹಾಕಿದರು, ಇನ್ನು ಅದು ಬರುವುದಿಲ್ಲ ಎಂದು ನೇರವಾಗಿ ಹೇಳಿದರೆ ಅತ್ತು ಸಮಾಧಾನಗೊಳ್ಳುತ್ತಾರೆ.

ತಾಲೂಕಿನ ಪಶು ಆಸ್ಪತ್ರೆಗೆ ಹೋಗುವ ಮುನ್ನ ಕೇಳಿಕೊಂಡು ಹೋಗುವುದು ಒಳ್ಳೆಯದು. 1962 ಎಂಬ ಉಚಿತ ಸಂಖ್ಯೆಗೆ ದೂರವಾಣಿ ಮಾಡಿದರೆ ಪಶು ಚಿಕಿತ್ಸೆಯ ಸಂಚಾರಿ ವಾಹನದ ಬಗೆಗೆ ವಿಚಾರಿಸಬಹುದು. ನಮ್ಮ ಕಡೆಯ ವೈದ್ಯರ ಕೈ ದನ, ಆಡು-ಕುರಿಗಳಿಗೆ ಹೆಚ್ಚು ಪಳಗಿದ್ದು. ಬೆಕ್ಕಿನ ರಕ್ತನಾಳ ದಾರದಷ್ಟು ಸಣ್ಣದು. ಕೆಲವು ವೈದ್ಯರು ಮನಸ್ಸೊಪ್ಪದೆ ಈ ಕೆಲಸ ಮಾಡಲು ಹಿಂಜರಿಯಲೂಬಹುದು. ಅವರನ್ನು ಒತ್ತಾಯ ಮಾಡದೆ ಮತ್ತೊಬ್ಬರನ್ನು ಕೇಳಿರಿ. ಬೀದರ ಪಶುವೈದ್ಯ ವಿಶ್ವವಿದ್ಯಾನಿಲಯದ ಮಹಾವಿದ್ಯಾಲಯ ಗದಗಿನಲ್ಲಿದೆ. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಅದೇ ವಿಶ್ವವಿದ್ಯಾನಿಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ನಾಯಿ ಸಾಕಿದವರಿಗೆ ಅಲ್ಲಿಯ ಸಲಹೆ ಹತ್ತಿರವಾಗುತ್ತದೆ.

ಬೆಕ್ಕನ್ನು ಗಾಳಿಯಾಡುವ ಬುಟ್ಟಿಯಲ್ಲಿ ಅದರ ಹಳೆಯ ಅರಿವೆ ಹಾಸಿ ಒಯ್ಯಿರಿ. ಕೊನೆಯ ಪ್ರಯಾಣ ಗೋಣಿಚೀಲದಲ್ಲಿ ಬೇಡ. ಡಾಕ್ಟರರು ಸಾಮಾನ್ಯವಾಗಿ ಮೊದಲು ಮಂಪರಿನ ಸೂಜಿ ಹಾಕುತ್ತಾರೆ. ಹತ್ತು ಹದಿನೈದು ನಿಮಿಷಗಳಲ್ಲಿ ಬೆಕ್ಕು ನಿದ್ರೆಗೆ ಜಾರುತ್ತದೆ. ಅನಂತರ ಪೆಂಟೋಬಾರ್ಬಿಟೋನ್ ಅಥವಾ ಥಯೋಪೆಂಟೋನ್‌ನಂಥ ಅರಿವಳಿಕೆ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಮೊದಲು ಎಚ್ಚರ ತಪ್ಪುತ್ತದೆ, ಆಮೇಲೆ ಉಸಿರು, ಕೊನೆಗೆ ಹೃದಯ ನಿಲ್ಲುತ್ತದೆ. ಈ ಕ್ರಮದಿಂದಲೇ ಅದು ನೋವಿಲ್ಲದ ಸಾವು. ಕಣ್ಣು ತೆರೆದೇ ಇರುತ್ತವೆ. ಒಂದೆರಡು ಸಲ ಉಸಿರು ಎಳೆದಂತೆ ಆಗಬಹುದು, ಮೂತ್ರ ಹೋಗಬಹುದು. ಇದನ್ನು ನೋಡಿ ಇನ್ನೂ ಜೀವವಿದೆ, ನರಳುತ್ತಿದೆ ಎಂದು ಗಾಬರಿಯಾಗಬೇಡಿ. ಅರಿವು ಅದಕ್ಕೆ ಮೊದಲೇ ಹೋಗಿರುತ್ತದೆ. ಹೃದಯ ನಿಂತದ್ದನ್ನು ಡಾಕ್ಟರರು ಖಚಿತಪಡಿಸುವವರೆಗೆ ಅಲ್ಲಿಯೇ ಇರಿ. ನೋಡಲಾಗದವರು ಹೊರಗೆ ನಿಂತರೂ ತಪ್ಪಿಲ್ಲ. ಆದರೆ ಮಂಪರು ಬರುವವರೆಗಾದರೂ ಪರಿಚಯದ ಕೈಯೊಂದು ಅದರ ತಲೆಯ ಮೇಲಿರಲಿ.

ಮಣ್ಣು ಮಾಡುವಾಗ ಒಂದು ಎಚ್ಚರಿಕೆ ಅವಶ್ಯ. ಆ ಔಷಧ ಸತ್ತ ದೇಹದಲ್ಲಿ ಬಹುದಿನ ಉಳಿಯುತ್ತದೆ. ದೇಹವನ್ನು ತಿಪ್ಪೆಗೆ, ಕಬ್ಬಿನ ಪಡಕ್ಕೆ, ಕಾಲುವೆಗೆ ಎಸೆದರೆ ಅದನ್ನು ತಿಂದ ನಾಯಿ, ಹದ್ದು, ಕಾಗೆಗಳೂ ಸಾಯುತ್ತವೆ. ಬಾವಿ, ಬೋರು, ಹಳ್ಳಗಳಿಂದ ದೂರ, ನೀರು ನಿಲ್ಲದ ಬದುವಿನಲ್ಲಿ ನಾಲ್ಕು ಅಡಿ ಆಳದ ಕುಣಿ ತೆಗೆದು, ಅರಿವೆಯಲ್ಲಿ ಸುತ್ತಿ ಇಟ್ಟು, ಸುಣ್ಣ ಹರಡಿ ಮಣ್ಣು ಮುಚ್ಚಿ, ನಾಯಿ ಕೆದರದಂತೆ ಮೇಲೆ ಕಲ್ಲು ಹೇರಿರಿ.

ಇಲಿಗಳು ಬಹಳ ದಿನ ಕಾಯುವುದಿಲ್ಲವಾದ್ದರಿಂದ ಮನೆಗೆ ಇನ್ನೊಂದು ಮರಿ ಬೇಗನೆ ಬರುತ್ತದೆ. ಹಳೆಯ ಬೆಕ್ಕು ಮುಪ್ಪಿನಿಂದ ಹೋಗಿದ್ದರೆ ಚಿಂತೆಯಿಲ್ಲ. ವಾಂತಿ, ಭೇದಿಯಿಂದ ಹೋಗಿದ್ದರೆ ಅದು ಪ್ಯಾನ್‌ಲ್ಯೂಕೋಪೀನಿಯಾ ಎಂಬ ಅಂಟುರೋಗ ಇದ್ದಿರಬಹುದು. ಅದರ ವೈರಾಣು ಮನೆಯ ನೆಲ, ತಟ್ಟೆ, ಹಾಸಿಗೆಗಳಲ್ಲಿ ವರ್ಷದವರೆಗೂ ಜೀವಂತವಿರಬಲ್ಲದು. ಫಿನಾಯಿಲ್ ವಾಸನೆಯೇ ಬೆಕ್ಕಿಗೆ ಆಗದು. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 32 ಪಾಲು ನೀರು ಬೆರೆಸಿ ನೆಲ, ಪಾತ್ರೆಗಳನ್ನು ಒರೆಸಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಹಳೆಯ ಹಾಸಿಗೆಯನ್ನು ಸುಟ್ಟುಬಿಡಿ. ಹೊಸ ಮರಿಗೆ ಆರರಿಂದ ಎಂಟು ವಾರವಾದಾಗ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ತುಂಬುವವರೆಗೆ ಹಾಕಿಸಬೇಕು. ಮರಿ ಕಾಲಿಡುವ ಮೊದಲೇ ಅಡ್ಡದ ಮೇಲಿನ ಇಲಿಪಾಷಾಣದ ಪೊಟ್ಟಣಗಳನ್ನು ಕೆಳಗಿಳಿಸಿ ತೆಗೆದಿಡಿ.